ಪ್ಲಾಟ್ ನದಿಯ ಗುಂಟ ಎರಡು ದಿನ

ಅಮೆರಿಕದ ನೆಬ್ರಾಸ್ಕಾ ರಾಜ್ಯ ಅಂದರೆ ಬರೀ ಜೋಳದ ಹೊಲ, ನಿದ್ದೆ ಮಾಡಿಕೊಂಡು ದಾಟಿಬಿಡಬೇಕು ಅನ್ನುವವರೇ ಜಾಸ್ತಿ. ಐ-80 ಹೆದ್ದಾರಿಯಲ್ಲೇ ಹೋದರೆ ಅದು ನಿಜ ಕೂಡ. ಒಗಲಾಲಾದಲ್ಲಿ ಅದನ್ನು ಬಿಟ್ಟು 26ನೇ ಹೆದ್ದಾರಿ ಹಿಡಿಯಿರಿ. 1840ರಿಂದ 60ರ ದಶಕದವರೆಗೆ ಆರೆಗನ್, ಕ್ಯಾಲಿಫೋರ್ನಿಯಾ ಕಡೆ ಗಾಡಿ ಕಟ್ಟಿದ ಲಕ್ಷಾಂತರ ಜನ ಪ್ಲಾಟ್ ನದಿಯ ದಂಡೆಯಲ್ಲೇ ಹೋದದ್ದು. ಎತ್ತುಗಳಿಗೆ ನೀರು, ಹುಲ್ಲು ಎರಡೂ ಸಿಗಬೇಕಿತ್ತಲ್ವಾ?

ಒಮಾಹಾದಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಊರಿಂದ ಬಂದಿದ್ದ ಅತ್ತೆಯೂ ಜೊತೆಗಿದ್ದರು. ಒಗಲಾಲಾಕ್ಕೆ ಸುಮಾರು ಐದು ಗಂಟೆ ದಾರಿ. ಅಷ್ಟರಲ್ಲಿ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದೆ ಹೋಗಿರುತ್ತದೆ. ಬರುವಾಗ ಆ ಗಂಟೆ ವಾಪಸ್ ಕೊಡಬೇಕು, ನೆನಪಿರಲಿ. ಸಸ್ಯಾಹಾರಿಗಳು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡೇ ಹೊರಡಿ.

ಲ್ಯುವೆಲನ್ ಹತ್ತಿರ ವಿಂಡ್‌ಲಸ್ ಹಿಲ್ ಹತ್ತಿ. ಚಕ್ರ ಉರುಳದಂತೆ ಬಿಗಿದು, ಹಿಂದಿನಿಂದ ಹಗ್ಗ ಎಳೆದು ಹಿಡಿದು ಗಾಡಿ ಇಳಿಸಿದ ಜಾಗ ಅದು. ಚಿಮಣಿಯಂತೆ ಎದ್ದು ನಿಂತ ಬಂಡೆ ಚಿಮ್ನಿ ರಾಕ್ ದೂರದಿಂದಲೇ ಚೆನ್ನ. ಹತ್ತಲು ಬಿಡುವುದಿಲ್ಲ, ಹುಲ್ಲಲ್ಲಿ ಬುಡುಬುಡಿಕೆ ಹಾವೂ ಇರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಕಾಟ್ಸ್‌ಬ್ಲಫ್ ಊರ ಹೊರಗೆ, ರೈಲು ಹಳಿ ಪಕ್ಕದ ಒಂದು ಸಮಾಧಿ. ರೆಬೆಕಾ ವಿಂಟರ್ಸ್ 1852ರಲ್ಲಿ ಈ ದಾರಿಯಲ್ಲಿ ಕಾಲರಾದಿಂದ ತೀರಿಕೊಂಡರು. ಕಲ್ಲು ಕೆತ್ತಿಸುವಷ್ಟು ಪುರುಸೊತ್ತು ಯಾರಿಗಿತ್ತು? ಗಾಡಿ ಚಕ್ರದ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ಅದರ ಮೇಲೆ ಹೆಸರು, ವಯಸ್ಸು 50 ಅಂತ ಕೊರೆದು ನೆಟ್ಟಿದ್ದಾರೆ. ಆ ಪಟ್ಟಿ ಇವತ್ತಿಗೂ ಅಲ್ಲಿದೆ. ಅತ್ತೆ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತರು.

ಅಲ್ಲೇ ಹೊತ್ತು ಕಳೆದು, ಸ್ಕಾಟ್ಸ್ ಬ್ಲಫ್ ಗುಡ್ಡಕ್ಕೆ ಹೋಗುವಷ್ಟರಲ್ಲಿ ಮೇಲಿನ ರಸ್ತೆಗೆ ಗೇಟು ಹಾಕಿದ್ದರು. ತಪ್ಪು ನಮ್ಮದೇ, ಸಮಯ ನೋಡಿರಲಿಲ್ಲ. ಮಾರನೇ ಬೆಳಿಗ್ಗೆ ಹೋದೆವು. ಪ್ರವೇಶ ಉಚಿತ. ಮೂರು ಸುರಂಗ ದಾಟಿ ಕಾರು ತುದಿಗೇ ಹೋಗುತ್ತದೆ, ಮಂಡಿನೋವಿನವರಿಗೂ ತೊಂದರೆಯಿಲ್ಲ. ಗಾಳಿ ಮಾತ್ರ ಜೋರು, ಟೋಪಿ ಹುಷಾರು. ಮೇಲಿಂದ ನೋಡಿ ಅತ್ತೆ "ಇಷ್ಟೇನಾ ನದಿ?" ಅಂದರು. ಅಗಲ ಇದ್ದರೂ ಆಳ ಇಲ್ಲದ ನದಿ ಇದು, ದೋಣಿಗೆ ಒಗ್ಗುವುದಿಲ್ಲ. ಅದಕ್ಕೇ ಗಾಡಿ.

ಎರಡನೇ ದಿನ ವಯೋಮಿಂಗ್ ಗಡಿ ದಾಟಿ ಫೋರ್ಟ್ ಲಾರಮಿ ಅನ್ನುವ ಹಳೆಯ ಸೇನಾ ಠಾಣೆ ನೋಡಿ. ಅಲ್ಲಿಂದ ಗರ್ನ್‌ಸಿಗೆ ಹೋಗದೆ ತಿರುಗಬೇಡಿ. ಮೆತ್ತನೆ ಮರಳುಕಲ್ಲಿನಲ್ಲಿ ಗಾಡಿ ಜಾಡು ಕೆಲವು ಕಡೆ ಐದು ಅಡಿ ಆಳಕ್ಕೆ ಕೊರೆದಿದೆ. ಅತ್ತೆ ಒಂದರೊಳಗೆ ಇಳಿದು ನಡೆದರು. ಸ್ವಲ್ಪ ಮುಂದೆ ಹೋದಮೇಲೆ ನಮಗೆ ಕಾಣುತ್ತಿದ್ದದ್ದು ಅವರ ತುರುಬು ಮಾತ್ರ.