ಬಿಲ್ ಯಾರು ಕಟ್ತಾರೆ?

"ಅಲ್ಲಿ ಹಾಕ್ಬೇಡ. ಬಿಲ್ ಯಾರು ಕಟ್ತಾರೆ?"

ಮೊನ್ನೆ ಮಂಗಳವಾರ ಕೇಳಿದ ಈ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಹೇಳಿದ್ದು ನಮ್ಮ ಕೆಳಗಿನ ಮನೆ ಆಂಟಿ. ಕೇಳಿಸಿಕೊಂಡಿದ್ದು ಅವರ ಮನೆ ಕೆಲಸಕ್ಕೆ ಬರುವ ಅಕ್ಕ. ವಾಷಿಂಗ್ ಮಷೀನ್ ಪಕ್ಕದ ಪಾಯಿಂಟಿಗೆ ಫೋನ್ ಚಾರ್ಜರ್ ಸಿಕ್ಕಿಸುತ್ತಿದ್ದರು. "ಒಸಿ ಹೊತ್ತು ಕಣಮ್ಮಾ, ಆಫ್ ಆಗ್ಬುಡ್ತದೆ" ಅಂದರು. ಆಂಟಿ ಮತ್ತೆ ಅದೇ ಮಾತು ಹೇಳಿದರು. ಅಕ್ಕ ಏನೂ ಮಾತಾಡದೆ ಚಾರ್ಜರ್ ಕಿತ್ತರು. ವೈರನ್ನು ಬೆರಳಿಗೆ ಸುತ್ತಿ ಕವರಿಗೆ ಹಾಕಿಕೊಂಡರು. ಪಿನ್ ಹತ್ತಿರ ಆ ವೈರು ಸೀಳಿತ್ತು. ಕಪ್ಪು ಟೇಪ್ ಸುತ್ತಿ, ಟೇಪ್ ಬಿಚ್ಚಿಕೊಳ್ಳದ ಹಾಗೆ ಮೇಲೆ ದಾರ ಕಟ್ಟಿದ್ದರು.

ನಾನು ಅಲ್ಲಿಗೆ ಹೋಗಿದ್ದು ಬೇರೆ ಕೆಲಸಕ್ಕೆ. ಮಗಳ ಹಳೇ ಲ್ಯಾಪ್‌ಟಾಪ್ ಪ್ಲಗ್ ತೆಗೆದ ತಕ್ಷಣ ಆಫ್ ಆಗುತ್ತೆ, ಸ್ವಲ್ಪ ನೋಡಮ್ಮಾ ಅಂತ ಆಂಟಿ ಕರೆದಿದ್ದರು. ನೋಡಿದರೆ ಟಚ್‌ಪ್ಯಾಡ್ ಒಂದು ಕಡೆ ಮೇಲೆದ್ದಿತ್ತು. ಮೇಜಿನ ಮೇಲೆ ಇಟ್ಟರೆ ಸಮವಾಗಿ ಕೂರುತ್ತಿರಲಿಲ್ಲ. ಬ್ಯಾಟರಿ ಊದಿಕೊಂಡಿದೆ ಅಂತ ಬಿಚ್ಚದೆಯೇ ಗೊತ್ತಾಯಿತು. ಆ ಲ್ಯಾಪ್‌ಟಾಪಿನಿಂದ ಚಾರ್ಜರ್ ತೆಗೆಯುವ ರೂಢಿಯೇ ಆ ಮನೆಯಲ್ಲಿ ಇರಲಿಲ್ಲವಂತೆ. ಹಗಲೂ ರಾತ್ರಿ 100 ಪರ್ಸೆಂಟ್. ಸಾಲದ್ದಕ್ಕೆ ಹಾಸಿಗೆ ಮೇಲಿಟ್ಟು ಸೀರಿಯಲ್ ನೋಡುವುದು. ಕೆಳಗಿನ ಗಾಳಿ ಕಿಂಡಿ ಮುಚ್ಚಿಕೊಂಡು ಬಿಸಿಯೆಲ್ಲಾ ಒಳಗೇ ಉಳಿಯುತ್ತದೆ. ಈಗಿನ ಲ್ಯಾಪ್‌ಟಾಪ್, ಫೋನ್‌ಗಳಲ್ಲಿರುವ ಲಿಥಿಯಂ ಬ್ಯಾಟರಿಗೆ ಆಗಿಬರದ ಸಂಗತಿಗಳೇ ಇವು. ಸದಾ ಪೂರ್ತಿ ತುಂಬಿರುವುದು, ಸದಾ ಬಿಸಿಯಾಗಿರುವುದು. ಒಳಗಿನ ದ್ರವ ಕೆಟ್ಟು ಗ್ಯಾಸ್ ಆಗುತ್ತದೆ, ಬ್ಯಾಟರಿ ಉಬ್ಬುತ್ತದೆ.

ತಕ್ಷಣ ಪ್ಲಗ್ ತೆಗೆಸಿ ಆಫ್ ಮಾಡಿಸಿದೆ. ಒತ್ತಬೇಡಿ, ಚುಚ್ಚಬೇಡಿ, ಕಸಕ್ಕೆ ಹಾಕಬೇಡಿ, ಹಾಗೇ ಸರ್ವಿಸ್ ಸೆಂಟರಿಗೆ ಕೊಡಿ ಅಂದೆ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ಯಾವಾಗಲೂ ಪ್ಲಗ್‌ನಲ್ಲೇ ಇಟ್ಟು ಬಳಸುವವರು ಅದನ್ನು ಹಾಕಿಕೊಳ್ಳಲೇಬೇಕು. ಹೊಸ ಬ್ಯಾಟರಿಗೆ ಎಷ್ಟಾಗುತ್ತೆ ಅಂತ ಆಂಟಿ ಕೇಳಿದರು. ಮೂರು ನಾಲ್ಕು ಸಾವಿರ ಆಗಬಹುದು ಅಂದೆ. "ಆಗ್ಲಿ ಬಿಡು" ಅಂದರು. ಇದಾಗಿ ಸ್ವಲ್ಪ ಹೊತ್ತಿಗೇ ಆ ಮಾತು. ಬಿಲ್ ಯಾರು ಕಟ್ತಾರೆ?

ನಂಗೆ ತಡೆಯೋಕಾಗಲಿಲ್ಲ. ಅಕ್ಕ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದ ಮೇಲೆ ಆಂಟಿಗೆ ಲೆಕ್ಕ ಹೇಳಿದೆ. ಸಾಮಾನ್ಯವಾಗಿ ಈಗಿನ ಫೋನ್‌ಗಳಲ್ಲಿ 5000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಸುತ್ತೆ ಅನ್ನುವ ಅಳತೆ) ಬ್ಯಾಟರಿ ಇರುತ್ತದೆ. ಅದು ಖಾಲಿಯಿಂದ ತುಂಬಲು ಸುಮಾರು 19 ವಾಟ್-ಅವರ್ ಕರೆಂಟ್ ಬೇಕು, ಅಂದರೆ ವಾಟ್ ಅನ್ನು ಗಂಟೆಯಿಂದ ಗುಣಿಸಿದ ಲೆಕ್ಕ. ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿ 25 ಅಂತಲೇ ಇಟ್ಟುಕೊಳ್ಳಿ. ಒಂದು ಯೂನಿಟ್ ಅಂದರೆ 1000 ವಾಟ್-ಅವರ್. ಅಂದರೆ ಒಂದು ಯೂನಿಟ್‌ನಲ್ಲಿ ಫೋನನ್ನು 40 ಸಲ ಪೂರ್ತಿ ತುಂಬಿಸಬಹುದು. ಯೂನಿಟ್‌ಗೆ 6 ರೂಪಾಯಿ ಲೆಕ್ಕ ಹಾಕಿದರೂ ಒಂದು ಸಲಕ್ಕೆ 15 ಪೈಸೆ. ಅರ್ಧ ಗಂಟೆ ಹಾಕಿಕೊಂಡರೆ ಅಷ್ಟೂ ಆಗಲ್ಲ.

ಅದೇ ಹೊತ್ತಿಗೆ ಹಾಲ್‌ನಲ್ಲಿ ಅಂಕಲ್ ಕಂಪ್ಯೂಟರ್ ಓಡುತ್ತಿತ್ತು. ಎದುರಿಗೆ ಯಾರೂ ಇರಲಿಲ್ಲ. ಅಂಕಲ್ ಬೆಳಗ್ಗೆ ಕಾಫಿ ಕುಡಿಯುತ್ತಾ ಆನ್ ಮಾಡಿದರೆ ರಾತ್ರಿ ಮಲಗುವಾಗಲೇ ಆಫ್ ಮಾಡುವುದು. ನಡುವೆ ಸ್ಕ್ರೀನ್ ತುಂಬಾ ಹೂವಿನ ಚಿತ್ರಗಳು ಬಂದು ಹೋಗುತ್ತಿರುತ್ತವೆ. ಸ್ಕ್ರೀನ್‌ಸೇವರ್ ಬಂದರೆ ಕರೆಂಟ್ ಉಳೀತು ಅಂತ ಬಹಳ ಜನ ನಂಬಿದ್ದಾರೆ. ಹಳೇ ದಪ್ಪ ಟ್ಯೂಬಿನ ಮಾನಿಟರ್‌ಗಳ ಪರದೆ ಮೇಲೆ ಕಲೆ ಕೂರದಿರಲಿ ಅಂತ ಬಂದದ್ದು ಅದು. ಹೂವು ತೋರಿಸೋಕೂ ಸ್ಕ್ರೀನ್ ಉರಿಯಲೇಬೇಕಲ್ವಾ? ಡೆಸ್ಕ್‌ಟಾಪು, ಮಾನಿಟರು ಸೇರಿ 100 ವಾಟ್ ಎಳೆದರೂ ಹತ್ತು ಗಂಟೆಗೆ ಒಂದು ಯೂನಿಟ್. ಅಕ್ಕನ ಫೋನಿನ 40 ಚಾರ್ಜ್ ಆ ಮನೆಯಲ್ಲಿ ದಿನಾ ಹೀಗೆ ಉರಿದು ಹೋಗುತ್ತದೆ. ಸ್ಕ್ರೀನ್ ಆರಿ ಕಂಪ್ಯೂಟರ್ ಮಲಗುವ ಸ್ಲೀಪ್‌ಗೆ ಹಾಕಿದ್ದರೆ ಕೆಲವೇ ವಾಟ್‌ಗಳಲ್ಲಿ ಮುಗಿಯುತ್ತಿತ್ತು.

ಆಂಟಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, "ದುಡ್ಡಿನ ಮಾತಲ್ಲಮ್ಮಾ. ಅಭ್ಯಾಸ ಆಗಿಬಿಡುತ್ತೆ."

ಆಂಟಿ ಕೆಟ್ಟವರಲ್ಲ. ಗೌರಿ ಹಬ್ಬಕ್ಕೆ ಅಕ್ಕನಿಗೆ ಒಳ್ಳೇ ಸೀರೆ ಕೊಡುತ್ತಾರೆ. ಅಕ್ಕನ ಮಗನಿಗೆ ಜ್ವರ ಬಂದಾಗ ಕೇಳದೆಯೇ ದುಡ್ಡು ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಕರೆಂಟಿನ ಚಿಂತೆಯೂ ಸುಳ್ಳಲ್ಲ. ಗೃಹಜ್ಯೋತಿಯಲ್ಲಿ ಅವರಿಗೆ ಸೊನ್ನೆ ಬಿಲ್ ಬರುತ್ತದೆ. ಹಳೇ ಸರಾಸರಿ ನೋಡಿ ಮನೆಗೆ ಇಷ್ಟು ಯೂನಿಟ್ ಅಂತ ಕೊಟ್ಟಿರುತ್ತಾರೆ, ಅದನ್ನು ಮೀರಿದರೆ ಮೀರಿದ್ದಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಆಂಟಿ ತಿಂಗಳ ಕೊನೆಗೆ ಮೀಟರ್ ನೋಡುತ್ತಾರೆ, ಲೈಟ್ ಆರಿಸುತ್ತಾ ಓಡಾಡುತ್ತಾರೆ. ನಂಗೆ ಅದು ಇಷ್ಟ. ಆದರೆ 'ಅಭ್ಯಾಸ ಆಗಿಬಿಡುತ್ತೆ' ಅನ್ನೋದು ಮೀಟರ್ ನೋಡಿ ಬಂದ ಮಾತಲ್ಲ. ಸಿಂಕ್ ಪಕ್ಕದಲ್ಲಿ ಅಕ್ಕನಿಗೆ ಅಂತಲೇ ಎತ್ತಿಟ್ಟ ಲೋಟ ಇದೆಯಲ್ಲ, ಈ ಮಾತೂ ಅಲ್ಲಿಂದಲೇ ಬಂದದ್ದು. ಗೋಡೆ ಮೇಲಿನ ಸ್ವಿಚ್ಚಿಗೂ ಆ ಲೋಟದ ನಿಯಮ ಬಂದುಬಿಟ್ಟಿದೆ. ಸೀರೆ ಕೊಡುವುದು ಸುಲಭ. ಕೇಳದೆ ಸ್ವಿಚ್ ಒತ್ತುವ ಸಲಿಗೆ ಕೊಡುವುದು ಕಷ್ಟ.

ಬುಧವಾರ ಅಕ್ಕ ಮೆಟ್ಟಿಲು ಗುಡಿಸಲು ಬಂದಾಗ ಮೇಲೆ ಕರೆದು ನಮ್ಮ ಮನೆಯಲ್ಲಿ ಫೋನ್ ಹಾಕಿಸಿದೆ. ಸ್ಕ್ರೀನ್ ಒಡೆದಿದೆ. ಚಾರ್ಜ್ 30 ಪರ್ಸೆಂಟ್ ಇದ್ದದ್ದು ಒಂದು ಕಾಲ್ ಬಂದರೆ ಪಟ್ಟಂತ ಆಫ್. ಬ್ಯಾಟರಿ ಸೋತಿದೆ. ಬದಲಾಯಿಸಲು ಸಾವಿರದ ಹತ್ತಿರ ಕೇಳಿದರಂತೆ. ಆ ಫೋನಿಗೇ ಗೃಹಲಕ್ಷ್ಮಿಯ 2000 ಬಂದ ಮೆಸೇಜ್ ಬರಬೇಕು. ರೇಷನ್ ಕಾರ್ಡ್, ಗ್ಯಾಸ್ ಎಲ್ಲದರ ಓಟಿಪಿಯೂ ಅದಕ್ಕೇ. ಮಗನ ಸ್ಕೂಲಿನ ಗ್ರೂಪ್ ಅದರಲ್ಲೇ. ಇನ್ನೊಂದು ಮನೆಯವರು "ಇವತ್ತು ಬೇಗ ಬಾ" ಅಂತ ಫೋನ್ ಮಾಡಿದಾಗ ಸ್ವಿಚ್ ಆಫ್ ಬಂದರೆ ಬೈಗುಳವೂ ಅಕ್ಕನಿಗೇ.

ನಾನು ಗೊತ್ತಿದ್ದದ್ದನ್ನೆಲ್ಲಾ ಹೇಳಿದೆ. ಪೂರ್ತಿ ಖಾಲಿ ಆಗೋವರೆಗೂ ಕಾಯಬೇಡಿ. ಖಾಲಿ ಆದ ಮೇಲೇ ಹಾಕಬೇಕು ಅನ್ನೋದು ಹಿಂದಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಈಗಿನವಕ್ಕೆ ಆಗಾಗ ಸ್ವಲ್ಪ ಸ್ವಲ್ಪ ತುಂಬಿಸುವುದೇ ಒಳ್ಳೇದು, 20ರಿಂದ 80ರ ಒಳಗೆ ಇದ್ದರೆ ಬಾಳಿಕೆ ಜಾಸ್ತಿ. ರಾತ್ರಿ ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಡಬೇಡಿ, ಬಿಸಿ ಹೊರಗೆ ಹೋಗಲ್ಲ.

ಅಕ್ಕ ನಕ್ಕರು. "ಮನೇಲಿ ಇರೋದೇ ಒಂದು ಪಾಯಿಂಟು ಕಣವ್ವಾ. ಸಂಜೆ ಮಿಕ್ಸಿ, ಆಮೇಲೆ ಟೀವಿ. ಮಲೀಕೊಳೋ ಹೊತ್ಗೆ ಫೋನು. ಮ್ಯಾಲೆ ಶೀಟು, ಬ್ಯಾಸ್ಗೇಲಿ ನಾವೇ ಬೆಂದೋಯ್ತೀವಿ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಟರಿ ಹೀಗೆ ಕಾಪಾಡಿಕೊಳ್ಳಿ ಅನ್ನುವ ಸಲಹೆಗಳೆಲ್ಲಾ ಕೋಣೆಗೆ ಮೂರು ಪಾಯಿಂಟ್ ಇರುವವರಿಗೆ ಮಾಡಿದ್ದು. ಕೈಗೆಟುಕುವಲ್ಲಿ ಪ್ಲಗ್ ಇದ್ದರೆ ತಾನೇ 80ಕ್ಕೆ ತೆಗೆಯೋದು, 20ಕ್ಕೆ ಹಾಕೋದು? ಅಕ್ಕನ ಫೋನ್ ಹಗಲು ಸೊನ್ನೆಗೆ ಇಳಿಯುತ್ತದೆ, ರಾತ್ರಿ ಕಾದ ಶೀಟಿನ ಕೆಳಗೆ ನೂರಕ್ಕೆ ಏರಿ ಬೆಳಗಿನವರೆಗೂ ಹಾಗೇ ಇರುತ್ತದೆ. ಬ್ಯಾಟರಿ ಬೇಗ ಸೋಲಲು ಇದಕ್ಕಿಂತ ಬೇರೇನೂ ಬೇಡ. ಹೋಗುವ ಪ್ರತಿ ಮನೆಯಲ್ಲೂ ಅರ್ಧ ಗಂಟೆ ಹಾಕಿಕೊಳ್ಳುವಂತಿದ್ದರೆ ಆ ಬ್ಯಾಟರಿಗೆ ಬೇಕಾದ್ದು ಸರಿಯಾಗಿ ಅದೇ ಆಗುತ್ತಿತ್ತು. ಮನೆಯವರಿಗೆ ಹೋಗೋದು ಪೈಸೆ. ಅಕ್ಕನಿಗೆ ಉಳಿಯೋದು ಸಾವಿರ ರೂಪಾಯಿ, ಒಂದು ಮನೆಯ ಅರ್ಧ ತಿಂಗಳ ಸಂಬಳ.

ಅಂಕಲ್ ಕಂಪ್ಯೂಟರನ್ನು ಅವರನ್ನು ಕೇಳಿಯೇ ಹತ್ತು ನಿಮಿಷಕ್ಕೆ ಸ್ಲೀಪ್ ಆಗುವ ಹಾಗೆ ಮಾಡಿ ಬಂದಿದ್ದೇನೆ. ಹೂವು ಹೋಯ್ತಲ್ಲಾ ಅಂತ ಬೇಜಾರು ಮಾಡಿಕೊಂಡರು, ಆದರೆ ಒಪ್ಪಿದರು. ಲ್ಯಾಪ್‌ಟಾಪ್ ಮುಂದಿನ ವಾರ ಹೊಸ ಬ್ಯಾಟರಿ ಹಾಕಿಸಿಕೊಂಡು ಬರುತ್ತದೆ. 80ರ ಸೆಟ್ಟಿಂಗ್ ಹಾಕಿಕೊಡು ಬಾ ಅಂತ ಆಂಟಿ ಹೇಳಿದ್ದಾರೆ. ಹೋಗ್ತೀನಿ. ಈ ಸಲ ಯೂನಿಟ್ ಲೆಕ್ಕ ಹೇಳಲ್ಲ. ವಾಷಿಂಗ್ ಮಷೀನ್ ಪಕ್ಕದ ಪಾಯಿಂಟ್ ಅಕ್ಕನಿಗೆ ಬಿಟ್ಟುಕೊಡಿ ಆಂಟಿ ಅಂತ ನೇರವಾಗಿ ಕೇಳ್ತೀನಿ.