ಟಿ.ಸಿ. ತೆಗೆಸುವುದು ಕೊನೆಯ ಕೆಲಸ: ಡಿಗ್ರಿ ನಡುವೆ ವಿ.ವಿ. ಬದಲಿಸುವವರಿಗೆ

ಮೈಸೂರು ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಬಿ.ಕಾಂ. ಎರಡು ಸೆಮಿಸ್ಟರ್ ಮುಗಿದಿದೆ. ಅಪ್ಪನಿಗೆ ಬೆಂಗಳೂರಿಗೆ ವರ್ಗವಾಗಿದೆ, ಅಥವಾ ಕಾಲೇಜಿನಲ್ಲಿ ಪಾಠವೇ ನೆಟ್ಟಗೆ ನಡೆಯುತ್ತಿಲ್ಲ. ಮೂರನೇ ಸೆಮಿಸ್ಟರಿಗೆ ಬೆಂಗಳೂರಿನ ಕಾಲೇಜು ಸೇರಬಹುದೇ? ಸೇರಬಹುದು. ಆದರೆ ಹೆಚ್ಚಿನವರು ಮೊದಲು ಮಾಡುವ ಕೆಲಸವೇ ತಪ್ಪು: ಹಳೆಯ ಕಾಲೇಜಿಗೆ ಹೋಗಿ ಟಿ.ಸಿ. ತೆಗೆಸಿಬಿಡುತ್ತಾರೆ. ಟಿ.ಸಿ. ಕೈಗೆ ಬಂತೆಂದರೆ ಅಲ್ಲಿಯ ಹಾಜರಿ ಪಟ್ಟಿಯಿಂದ ಹೆಸರು ಹೋಯಿತು. ಹೊಸ ವಿ.ವಿ. ಅರ್ಹತೆ (ಸೇರಲು ಒಪ್ಪಿಗೆ) ಕೊಡದಿದ್ದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಳೆಯ ಕಾಲೇಜಿಗೆ ಮರಳಲು ಮರುಪ್ರವೇಶದ ಅರ್ಜಿ ಹಾಕಿ ಅನುಮತಿಗೆ ಕಾಯುವಷ್ಟರಲ್ಲಿ ಸೆಮಿಸ್ಟರೇ ಕೈತಪ್ಪುತ್ತದೆ.

ನಿಮ್ಮದು ನಿಜಕ್ಕೂ ವಿ.ವಿ. ಬದಲಾವಣೆಯೇ, ಬರೀ ಕಾಲೇಜು ಬದಲಾವಣೆಯೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಒಂದೇ ವಿ.ವಿ.ಯ ಇನ್ನೊಂದು ಕಾಲೇಜಿಗಾದರೆ ಪಠ್ಯಕ್ರಮ ಅದೇ. ಖಾಲಿ ಸೀಟು, ಎರಡೂ ಪ್ರಾಂಶುಪಾಲರ ಒಪ್ಪಿಗೆ, ವಿ.ವಿ.ಯ ಅನುಮತಿ ಇದ್ದರೆ ಕೆಲಸ ಸಲೀಸು. ಆದರೆ ಹಳೆಯ ಬೆಂಗಳೂರು ವಿ.ವಿ. ಈಗ ಮೂರು ಪಾಲಾಗಿರುವುದರಿಂದ, ಒಂದೇ ಊರೊಳಗೆ ಕಾಲೇಜು ಬದಲಿಸಿದರೂ ವಿ.ವಿ. ಬದಲಾಗಿರಬಹುದು. ಎಂಜಿನಿಯರಿಂಗ್‌ನಲ್ಲಿ ಇದು ಬೇರೆ ಥರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.) ಕೆಳಗಿನ ಸ್ವಾಯತ್ತ ಕಾಲೇಜಿಗೂ ಸಾಮಾನ್ಯ ಕಾಲೇಜಿಗೂ ಪದವಿ ಕೊಡುವುದು ವಿಟಿಯುವೇ ಆದರೂ ಸ್ವಾಯತ್ತ ಕಾಲೇಜಿನ ಪಠ್ಯಕ್ರಮ ಅದರದ್ದೇ. ಹೀಗಾಗಿ ಅಲ್ಲೂ ವಿಷಯಗಳನ್ನು ಹೋಲಿಸಿ ನೋಡಲೇಬೇಕು.

ನಿರ್ಧಾರ ನಿಂತಿರುವುದು ಈ ಹೋಲಿಕೆಯ ಮೇಲೆಯೇ, ಕಾಲೇಜಿನ ಹೆಸರಿನ ಮೇಲಲ್ಲ. ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ನೀವು ಪಾಸಾದ ಪತ್ರಿಕೆಗಳನ್ನು ಬರೆಯಿರಿ: ಹೆಸರು, ಕೋಡ್, ಕ್ರೆಡಿಟ್ (ಪತ್ರಿಕೆಯ ತೂಕ ತೋರಿಸುವ ಅಂಕೆ), ಥಿಯರಿಯೋ ಪ್ರಾಕ್ಟಿಕಲ್ಲೋ. ಬಲಕ್ಕೆ ಹೊಸ ವಿ.ವಿ. ಅದೇ ಸೆಮಿಸ್ಟರುಗಳಲ್ಲಿ ಏನು ಇಟ್ಟಿದೆ ಎಂದು ಬರೆಯಿರಿ. ಹೆಸರು ನೋಡಿ ಸಮಾಧಾನಪಡಬೇಡಿ, ಘಟಕಗಳನ್ನು ಓದಿ. ಕಾರ್ಪೊರೇಟ್ ಅಕೌಂಟಿಂಗ್ ನಿಮ್ಮಲ್ಲಿ ಎರಡನೇ ಸೆಮಿಸ್ಟರಿನಲ್ಲಿದ್ದು ಅಲ್ಲಿ ಮೂರನೆಯದರಲ್ಲಿದೆ ಎಂದುಕೊಳ್ಳಿ. ಓದಿದ್ದನ್ನೇ ಮತ್ತೆ ಓದುತ್ತೀರಿ. ಅಲ್ಲಿಯವರು ಎರಡನೆಯದರಲ್ಲಿ ಮುಗಿಸಿದ ಇನ್ನೊಂದು ಪತ್ರಿಕೆ ನಿಮಗೆ ಬಾಕಿ ಉಳಿಯುತ್ತದೆ. ಅಂಥ ಬಾಕಿ ಒಂದೆರಡಾದರೆ ಎಳೆದುಕೊಂಡು ಹೋಗಬಹುದು. ನಾಲ್ಕಾದರೆ ಮೂರನೇ ಸೆಮಿಸ್ಟರಿನ ಪಾಠದ ಜೊತೆ ಅವೂ ಸೇರಿ ಮೈಮೇಲೆ ಬೀಳುತ್ತವೆ. ನಮ್ಮ ಪ್ರಕಾರ ಅಲ್ಲಿಗೆ ಬದಲಾವಣೆಯ ಯೋಚನೆ ಬಿಡುವುದು ಒಳ್ಳೆಯದು.

ಬಿ.ಎ., ಬಿ.ಎಸ್ಸಿ.ಯವರಿಗೆ ಕಾಂಬಿನೇಷನ್ನಿನದ್ದೇ ದೊಡ್ಡ ತೊಡಕು. ಪಿಸಿಎಂ, ಸಿಬಿಝೆಡ್, ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಎಲ್ಲ ಕಡೆಯೂ ಸಿಕ್ಕಾವು. ಆದರೆ ಮೂರರಲ್ಲಿ ಒಂದು ವಿಷಯ ಹೊಸ ಕಾಲೇಜಿನಲ್ಲಿ ಇಲ್ಲದಿದ್ದರೆ ನಡುವೆ ಅದನ್ನು ಬದಲಿಸಿಕೊಳ್ಳಲು ಬಿಡುವುದಿಲ್ಲ. ಭಾಷೆಯನ್ನೂ ಮರೆಯಬೇಡಿ. ಹಿಂದಿ ಅಥವಾ ಸಂಸ್ಕೃತ ತೆಗೆದುಕೊಂಡವರು ಅಲ್ಲಿ ಆ ಭಾಷೆಗೆ ಅಧ್ಯಾಪಕರಿದ್ದಾರೆಯೇ ಎಂದು ವಿಚಾರಿಸಿ.

ಯಾವಾಗ ಹೋಗಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಯುಜಿಸಿ (ವಿ.ವಿ. ಅನುದಾನ ಆಯೋಗ) 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಇಡುವ ಡಿಜಿಟಲ್ ಖಾತೆ) ನಿಯಮದಂತೆ, ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಗಳಿಸಿದ ಕ್ರೆಡಿಟ್ ಹೆಚ್ಚೆಂದರೆ 7 ವರ್ಷ ಚಾಲ್ತಿಯಲ್ಲಿರುತ್ತದೆ. ಆರು ಸೆಮಿಸ್ಟರಿನ ಪದವಿಯಲ್ಲಿ ಕ್ರೆಡಿಟ್‌ಗಳು ಹೆಚ್ಚುಕಡಿಮೆ ಸಮನಾಗಿ ಹಂಚಿರುತ್ತವೆ. ನಾಲ್ಕು ಮುಗಿಸಿ ಹೋದರೆ ಹೊಸ ಕಡೆ ಉಳಿಯುವುದು ಮೂರನೇ ಒಂದು ಭಾಗ ಮಾತ್ರ, ಅದು ಸಾಲದು. ಮೂರು ಮುಗಿಸಿದರೆ ಲೆಕ್ಕ ಅಂಚಿನಲ್ಲಿರುತ್ತದೆ, ಅದೂ ಶೈಕ್ಷಣಿಕ ವರ್ಷದ ನಡುವೆ. ಆದ್ದರಿಂದ ಎರಡನೇ ಸೆಮಿಸ್ಟರ್ ಮುಗಿದ ಕಾಲವೇ ಸರಿಯಾದ ಕಾಲ.

ನೀತಿಯ ವ್ಯತ್ಯಾಸವನ್ನೂ ನೋಡಿ. ರಾಜ್ಯದ ವಿ.ವಿ.ಗಳಲ್ಲಿ 2021-22ರಿಂದ 2023-24ರವರೆಗೆ ಸೇರಿದವರದ್ದು ರಾಷ್ಟ್ರೀಯ ಶಿಕ್ಷಣ ನೀತಿಯ ಅಂದರೆ ಎನ್‌ಇಪಿ ಪಠ್ಯಕ್ರಮ, 2024-25ರಿಂದ ರಾಜ್ಯದ್ದೇ ಮೂರು ವರ್ಷದ ಪಠ್ಯಕ್ರಮ. ನಡುವೆ ಓದು ಬಿಟ್ಟು ಈಗ ಮರಳುವವರು, ಅಥವಾ ಎನ್‌ಇಪಿಯಲ್ಲೇ ಮುಂದುವರಿದಿರುವ ಖಾಸಗಿ ವಿ.ವಿ.ಯಿಂದ ಬರುವವರು ಹೆಚ್ಚು ಬಾಕಿ ಪತ್ರಿಕೆಗಳಿಗೆ ಸಿದ್ಧರಿರಬೇಕು.

ಹೋಲಿಕೆ ಸರಿಹೋಯಿತೆಂದರೆ ಓಡಾಟ ಶುರು. ಪಾಸಾದ ಸೆಮಿಸ್ಟರುಗಳ ಪಠ್ಯಕ್ರಮದ ಪ್ರತಿಗೆ ಹಳೆಯ ಕಾಲೇಜಿನ ಸಹಿ, ಸೀಲು ಹಾಕಿಸಿ. ಅದನ್ನೂ ಅಂಕಪಟ್ಟಿಗಳನ್ನೂ ಹಿಡಿದು ಹೊಸ ಕಾಲೇಜಿಗೆ ಹೋಗಿ, ಮಂಜೂರಾದ ಸೀಟುಗಳಲ್ಲಿ ಖಾಲಿ ಇದೆ, ಸೇರಿಸಿಕೊಳ್ಳಲು ಒಪ್ಪಿದ್ದೇವೆ ಎಂಬ ಪತ್ರ ಪಡೆಯಿರಿ. ಬಾಯಿಮಾತು ಸಾಲದು. ಆ ಪತ್ರ ತೋರಿಸಿ ಹಳೆಯ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಿ. ಇವೆರಡನ್ನೂ ಇಟ್ಟು ಹೊಸ ವಿ.ವಿ.ಗೆ ಅರ್ಹತಾ ಪತ್ರಕ್ಕೆ ಅರ್ಜಿ ಹಾಕಬೇಕು. ಪಠ್ಯಕ್ರಮ ಹೊಂದುತ್ತದೆಯೇ ಎಂದು ಅಲ್ಲಿನ ಅಧ್ಯಯನ ಮಂಡಳಿಯನ್ನು ಕೇಳುತ್ತಾರೆ. ತಡವಾಗುವುದು ಇಲ್ಲೇ, ಅದಕ್ಕೇ ಫಲಿತಾಂಶ ಬಂದ ವಾರವೇ ಅರ್ಜಿ ಒಳಗೆ ಹೋಗಿರಬೇಕು. ಯಾವ ಪತ್ರಿಕೆಗಳನ್ನು ಹೆಚ್ಚುವರಿಯಾಗಿ ಬರೆಯಬೇಕು ಎಂಬುದು ಆದೇಶದಲ್ಲೇ ಬರಲಿ ಎಂದು ಕೇಳಿಕೊಳ್ಳಿ, ಇಲ್ಲವಾದರೆ ಆರನೇ ಸೆಮಿಸ್ಟರಿನಲ್ಲಿ ಬಾಕಿ ಎದ್ದು ಬರುತ್ತದೆ. ಅರ್ಹತೆ ಕೈಗೆ ಬಂದ ಮೇಲೆ ಲೈಬ್ರರಿ, ಲ್ಯಾಬ್, ಹಾಸ್ಟೆಲ್‌ಗಳ ನೋ ಡ್ಯೂ ಮುಗಿಸಿ ಟಿ.ಸಿ., ಹಳೆಯ ವಿ.ವಿ.ಯಿಂದ ಮೈಗ್ರೇಷನ್ ಸರ್ಟಿಫಿಕೇಟ್ ಪಡೆಯಿರಿ. ಇವನ್ನು ಒಪ್ಪಿಸುವ ಮೊದಲು ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಫೇಲಾದ ಪತ್ರಿಕೆ ಇದ್ದರೆ ಹಳೆಯ ವಿ.ವಿ.ಯಲ್ಲೇ ಕಟ್ಟಿ ಪಾಸಾಗಿ, ಆಮೇಲೆ ಹೊರಡಿ. ಪಾಸಾಗದ ಪತ್ರಿಕೆಗೆ ಕ್ರೆಡಿಟ್ ಇಲ್ಲ, ಕ್ರೆಡಿಟ್ ಇಲ್ಲದ್ದನ್ನು ವರ್ಗಾಯಿಸಲು ಬರುವುದಿಲ್ಲ.

ಉಳಿದ ವರ್ಷಗಳ ಶುಲ್ಕ ಕಟ್ಟಿದರೆ ಮಾತ್ರ ಅಂಕಪಟ್ಟಿ ಕೊಡುತ್ತೇವೆ ಎನ್ನುವ ಕಾಲೇಜುಗಳೂ ಇವೆ. ಹೆದರಬೇಡಿ. ಓದುತ್ತಿರುವ ಸೆಮಿಸ್ಟರ್ ಅಥವಾ ವರ್ಷಕ್ಕಿಂತ ಹೆಚ್ಚಿನ ಶುಲ್ಕವನ್ನು ಮುಂಗಡ ಕೇಳಕೂಡದು, ಮೂಲ ದಾಖಲೆ ಹಿಡಿದಿಟ್ಟುಕೊಳ್ಳಕೂಡದು ಎಂದು ಯುಜಿಸಿ 2018ರ ಅಧಿಸೂಚನೆಯಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಮೂರನೇ ಸೆಮಿಸ್ಟರಿನ ಶುಲ್ಕವನ್ನು ಮಾತ್ರ ಹಳೆಯ ಕಡೆ ಕಟ್ಟಲು ಹೋಗಬೇಡಿ, ವಾಪಸ್ ಬರುವುದು ಕಷ್ಟ.

ಹಾಜರಾತಿಯನ್ನು ಮೊದಲೇ ಎಣಿಸಿ. ಸೆಮಿಸ್ಟರಿಗೆ 90 ದಿನ ಪಾಠ, ಶೇ. 75 ಹಾಜರಾತಿ ಕಡ್ಡಾಯ ಎಂದರೆ ತಪ್ಪಿಸಿಕೊಳ್ಳಬಹುದಾದ ದಿನ 22. ವಾರಕ್ಕೆ ಆರು ದಿನದಂತೆ ನಾಲ್ಕು ವಾರ ತಡವಾಗಿ ಸೇರಿದರೆ ಅಲ್ಲಿಗೇ 24 ದಿನ ಹೋಯಿತು; ಆಮೇಲೆ ಒಂದು ದಿನವೂ ತಪ್ಪಿಸದಿದ್ದರೂ ಕೊರತೆಯೇ. ಸೇರುವ ಮುಂಚೆ ಇದಕ್ಕೆ ವಿನಾಯಿತಿ ಉಂಟೇ ಎಂದು ಲಿಖಿತವಾಗಿ ಕೇಳಿ.

ಹೆಸರುವಾಸಿ ಕಾಲೇಜಾಗಲಿ, ಕ್ಯಾಂಪಸ್ ಸೆಲೆಕ್ಷನ್ ಸಿಗಲಿ ಎಂಬುದಷ್ಟೇ ಕಾರಣವಾದರೆ ಇಷ್ಟು ತಾಪತ್ರಯ ಬೇಡ. ಪದವಿ ಇಲ್ಲೇ ಮುಗಿಸಿ, ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂ.ಬಿ.ಎ., ಎಂ.ಸಿ.ಎ.ಗೆ ಒಳ್ಳೆಯ ಕಡೆ ಹೋಗಬಹುದು. ಪಾಠ ಮಾಡುವವರೇ ಇಲ್ಲ, ಮನೆ ದೂರವಾಯಿತು, ಆರೋಗ್ಯ ಕೆಟ್ಟಿದೆ ಎಂಬಂಥ ಕಾರಣಗಳಿಗೆ ಹೋಗುವುದು ನ್ಯಾಯ.

ಪ್ರವೇಶವಾಯಿತೆಂದು ಕೈಕಟ್ಟಿ ಕೂರಬೇಡಿ. ಎರಡು ವಾರದೊಳಗೆ ಯುಯುಸಿಎಂಎಸ್ (ರಾಜ್ಯದ ವಿ.ವಿ.ಗಳ ಪ್ರವೇಶ, ಪರೀಕ್ಷೆಯ ಜಾಲತಾಣ) ಲಾಗಿನ್ ತೆರೆದು ಕಾಲೇಜು, ಸೆಮಿಸ್ಟರ್, ಕಾಂಬಿನೇಷನ್ ಹೊಸದು ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಪರೀಕ್ಷಾ ಅರ್ಜಿ ತುಂಬಲಾಗುವುದಿಲ್ಲ, ಕೊನೆಯ ದಿನ ಗೊತ್ತಾದರೆ ಸರಿಪಡಿಸುವವರು ಸಿಗುವುದಿಲ್ಲ. ಡಿಜಿಲಾಕರ್‌ನಲ್ಲಿ ಹಳೆಯ ಕ್ರೆಡಿಟ್‌ಗಳು ಬಂದಿವೆಯೇ, ಆಧಾರ್‌ನ ಹೆಸರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಇನಿಷಿಯಲ್ ಸಮೇತ ಒಂದೇ ಇವೆಯೇ ನೋಡಿ. ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ) ಮೂಲಕ ವಿದ್ಯಾರ್ಥಿವೇತನ ಪಡೆಯುವವರು ಅಲ್ಲಿ ಹೊಸ ಕಾಲೇಜಿನ ವಿವರ ತೋರಿಸುವವರೆಗೂ ಅರ್ಜಿ ಸಲ್ಲಿಸಬೇಡಿ, ಕಾಲೇಜಿನ ಕಚೇರಿಯಲ್ಲಿ ಸರಿ ಮಾಡಿಸಿಕೊಂಡೇ ಸಲ್ಲಿಸಿ.