ನಾಲ್ಕು ತಿಂಗಳ ನೆಗಡಿ
ನೆಗಡಿ ವಾರದಲ್ಲಿ ಹೋಗುತ್ತದೆ ಅಂದುಕೊಂಡಿದ್ದೆ. ನಾಲ್ಕು ತಿಂಗಳಾಯಿತು. ಬಗ್ಗಿದರೆ ಕೆನ್ನೆಯೆಲ್ಲ ಭಾರ, ರಾತ್ರಿ ಬಾಯಿ ಒಣಗಿ ಎಚ್ಚರ. ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

ಕಟ್ಟಿದ ಮೂಗು ಬಿಡಿಸುವ ಸ್ಪ್ರೇಯನ್ನು ಮೂರು ವಾರ ಬಿಡದೆ ಹಾಕಿಕೊಂಡಿದ್ದು ನನ್ನ ದೊಡ್ಡ ತಪ್ಪು. ಮೊದಮೊದಲು ಎಷ್ಟು ಹಿತವಾಗಿತ್ತು! ಆದರೆ ಕೆಲವು ದಿನ ಮೀರಿದರೆ ಅದರಿಂದಲೇ ಮೂಗಿನ ಒಳಪೊರೆ ಮತ್ತೆ ಊದಿಕೊಳ್ಳುತ್ತದೆ. 12 ವಾರ ದಾಟಿದ್ದರಿಂದ ಇದು ದೀರ್ಘಕಾಲದ ಸೈನಸೈಟಿಸ್ (ಮೂಗಿನ ಸುತ್ತಲ ಗಾಳಿಗೂಡುಗಳ ಊತ) ಎಂದ ವೈದ್ಯರು ಆ ಸ್ಪ್ರೇ ನಿಲ್ಲಿಸಿ, ಊತ ಇಳಿಸುವ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಗುಣ ಕಾಣಲು ವಾರಗಳೇ ಬೇಕಾದವು.

ದಿನಾ ಉಪ್ಪುನೀರಿನಿಂದ ಮೂಗು ತೊಳೆಯುತ್ತೇನೆ. ಕುದಿಸಿ ಆರಿಸಿದ ನೀರೇ ಆಗಬೇಕು, ದಯವಿಟ್ಟು ನೇರ ನಲ್ಲಿ ನೀರು ಬಳಸಬೇಡಿ.

ನಿನ್ನೆ ಮಗಳನ್ನು ಮಲಗಿಸುವಾಗ ಅವಳ ಕೂದಲಿನ ವಾಸನೆ ತಿಳಿಯಿತು. ತುಂಬಾ ಹೊತ್ತು ಹಾಗೇ ಕೂತಿದ್ದೆ.